ಬಟ್ಟೆ ಹಗ್ಗ

ಭಾನುವಾರ, ಮಧ್ಯಾಹ್ನ

ನನ್ನ ಮುದ್ದು ಅಮ್ಮಾ,

ಹೇಗಿದ್ದೀಯ? ನಾನಂತೂ ಸೂಪರ್! ಅಡುಗೆಮನೆಗೆ ಹಳದಿ ಪರದೆ ಹಾಕಿದ್ದೇನೆ. ಮೊನ್ನೆ ಅನ್ನ ತಳ ಹಿಡಿಯಿತು. ನಿನ್ನ ಅಳಿಯ ಅದನ್ನೂ ಕೆರೆದು ತಿಂದು "ಗರಿಗರಿಯಾಗಿದೆ" ಎಂದರು. ಇಂಥ ಗಂಡ ಯಾರಿಗಿದ್ದಾನೆ ಹೇಳು! ಪತ್ರದಲ್ಲಿ ಕಾಗುಣಿತ ತಪ್ಪಿದ್ದರೆ ನಗಬೇಡ, ಇಂಗ್ಲಿಷ್ ಶಾಲೆಗೆ ಹಾಕಿದ್ದು ನೀನೇ. ಫೋನಿನಲ್ಲಿ ಹೇಳಲು ಹೋದರೆ ಅಳು ಬರುತ್ತದೆ, ಅದಕ್ಕೇ ಪತ್ರ.

"ಆ ಬಾಯಿಬಡುಕಿ ಇನ್ನೂ ಇದಾಳಾ, ವಿಚಾರಿಸು" ಅಂದಿದ್ದೆಯಲ್ಲ. ಹೇಳುತ್ತೇನೆ, ಇರು.

ಹೋದ ವರ್ಷ ಕಡಲು ನಮ್ಮ ಬೀದಿಯ ಮೆಟ್ಟಿಲೇರಿದಾಗ ನಮ್ಮನ್ನೆಲ್ಲ ಸ್ಥಳಾಂತರಿಸಲು ಬಂದ ಅಧಿಕಾರಿ ಇವರೇ, ನಿನ್ನ ಅಳಿಯನೇ ತಾನೆ? ಬೇರೆ ಅಧಿಕಾರಿಗಳು ಮನೆ ಹಂಚಲು ಚೀಟಿ ಎತ್ತುತ್ತಾರೆ. ಇವರು ಮನೆಮನೆಯಲ್ಲೂ ಕೂತು, ಪಕ್ಕದಲ್ಲಿ ಯಾರಿರಬೇಕೆಂದು ಕೇಳುತ್ತಾರೆ. ನಾನು ಮರುಳಾದದ್ದು ಅದಕ್ಕೇ! ನೀನು "ಆ ಬಾಯಿಬಡುಕಿ ಒಬ್ಬಳನ್ನ ಬಿಟ್ಟು ಯಾರನ್ನಾದ್ರೂ ಹಾಕಿ ಸ್ವಾಮಿ" ಅಂದೆ. ನಿನ್ನ ಆ ಬಾಯಿಬಡುಕಿ, ಪಕ್ಕದ ಮನೆ ಅತ್ತೆ, "ಅವಳ ಮುಖ ಕಾಣದಷ್ಟು ದೂರ ಹಾಕಿ" ಅಂದರು. ಎರಡು ಮನೆಗಳ ನಡುವಿನ ಒಂದೇ ಬಟ್ಟೆ ಹಗ್ಗಕ್ಕೆ ನೀವಿಬ್ಬರೂ ದಿನಾ ಜಗಳವಾಡುತ್ತಲೇ ಒಬ್ಬರ ಬಟ್ಟೆ ಇನ್ನೊಬ್ಬರು ಮಡಚಿಡುತ್ತಿದ್ದದ್ದನ್ನು ಇವರು ಕಂಡಿರಲಿಲ್ಲ. ಬಾಯಲ್ಲಿ ಬಂದದ್ದನ್ನೇ ನಂಬಿದರು. ನಿನಗೆ ರಸ್ತೆಬದಿಯ ಬಡಾವಣೆ ಸಿಕ್ಕಿತು, ಅವರಿಗೆ ಗುಡ್ಡದಾಚೆಯದು.

ಅಮ್ಮಾ, ಅತ್ತೆ ಹೋಗಿಬಿಟ್ಟರು. ಜ್ವರವೆಂದು ಮಲಗಿದವರು ಏಳಲೇ ಇಲ್ಲ. ಇವರ ಆಫೀಸಿಗೆ ಸುದ್ದಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅಲ್ಲಿನ ಅಕ್ಕಪಕ್ಕದವರು ಒಳ್ಳೆಯವರೇ. ಆದರೆ ಬಾಗಿಲು ತೆರೆಯದಿದ್ದರೆ ಬಡಿದು, ಬೈದು ಎಬ್ಬಿಸುವಷ್ಟು ಸಲಿಗೆ ಯಾರಿಗೂ ಇರಲಿಲ್ಲ.

ನಿನ್ನೆ ಇವರು ಸ್ಥಳಾಂತರಿಸಬೇಕಾದ ಇನ್ನೊಂದು ಬೀದಿಗೆ ಹೋಗಿ, "ನೀವು ದಿನಾ ಯಾರನ್ನ ಬೈತೀರ?" ಅಂತ ಕೇಳಿದರಂತೆ. ಜನ ಬಿದ್ದು ಬಿದ್ದು ನಕ್ಕರಂತೆ. ಇವರು ನಗಲಿಲ್ಲ, ಮನೆಗೆ ಬಂದವರೇ ಗೋಡೆ ಕಡೆ ತಿರುಗಿ ಕೂತರು. ನಿನ್ನೆದುರು ನಿಲ್ಲಲು ಹೆದರುತ್ತಿದ್ದಾರೆ. ಮುಂದಿನ ವಾರ ಇಬ್ಬರೂ ಬರುತ್ತೇವೆ. ಬೈದುಬಿಡು ಅಮ್ಮಾ. ಸುಮ್ಮನೆ ಮಾತ್ರ ಇರಬೇಡ.

ನಿನ್ನ ಪೆದ್ದು ಮಗಳು

ತಾ.ಕ.: ಅತ್ತೆಯ ಹಿತ್ತಲಿಗೆ ಹೋಗಿದ್ದೆ. ಮನೆ ಬಿಡುವಾಗ ಆ ಬಟ್ಟೆ ಹಗ್ಗ ಕದ್ದಳೆಂದು ಬೈಯುತ್ತಿದ್ದೆಯಲ್ಲ, ಕದ್ದದ್ದು ನಿಜ. ಒಂದು ತುದಿಯನ್ನು ತಮ್ಮ ಗೋಡೆಯ ಮೊಳೆಗೆ ಕಟ್ಟಿದ್ದರು. ನಿನ್ನ ಗೋಡೆಗೆ ಕಟ್ಟುತ್ತಿದ್ದ ಇನ್ನೊಂದು ತುದಿ ಸುರುಳಿ ಸುತ್ತಿ ಹಾಗೇ ಇತ್ತು. ಅತ್ತೆ ಕೊನೆಗೆ ಒಗೆದ ಬಟ್ಟೆ ಇನ್ನೂ ಪೊದೆಯ ಮೇಲೇ ಇತ್ತು.