ನಿನ್ನ ತಲೆಯ ಮೇಲಿರುವ ನಮ್ಮ ಮನೆ

ಮುವಾಂಗ್ ಥಾನ್ ಕಣಿವೆಯ ಮೇಲಿನ ಕಾಡು
೧೬ ಮಾರ್ಚ್ ೧೯೫೪

ಫ್ರೆಂಚರ ಸಂಬಳದ ಸಿಪಾಯಿ, ನನ್ನ ಗಂಡ ಪಾನ್‌ಗೆ,

ಕ್ಷೇಮ ಕೇಳಲು ಬರೆಯುತ್ತಿಲ್ಲ. ಬಂಕರಿನೊಳಗೆ ನೀನು ಕ್ಷೇಮವಾಗಿಯೇ ಇರುತ್ತೀಯ, ಅದರ ಚಾವಣಿಗೆ ಹಾಕಿರುವುದು ನಮ್ಮ ಮನೆಯ ಕಂಬ, ನಮ್ಮ ಮನೆಯ ಹಲಗೆ. ನಿನ್ನ ತಲೆಯ ಮೇಲೆ ನಮ್ಮ ಮನೆ, ನಿನ್ನ ಹೆತ್ತವ್ವನ ತಲೆಯ ಮೇಲೆ ಬಾಳೆಎಲೆ.

ಊರಿನ ಮನೆಗಳನ್ನೆಲ್ಲ ಫ್ರೆಂಚರು ಕಿತ್ತರು, ನಿನ್ನೊಬ್ಬನ ತಪ್ಪಲ್ಲ, ಒಪ್ಪಿದೆ. ಆದರೆ ಅವರನ್ನು ನಮ್ಮ ಅಂಗಳಕ್ಕೆ ಕರೆತಂದವನು ನೀನು. "ನಾನೇ ಕಡಿದು ತಂದ ಮರ, ನೂರು ವರ್ಷ ಜಗ್ಗಲ್ಲ" ಎಂದು ಆ ಸಾಹೇಬನ ಮುಂದೆ ಕಂಬ ತಟ್ಟಿ ತೋರಿಸಿದೆಯಲ್ಲ, ಆಗ ನಿನ್ನ ಮುಖದಲ್ಲಿದ್ದ ಹೆಮ್ಮೆಯನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. ಹಿರಿಯರಿಗೆ ಎಡೆ ಇಡುವ ಮೂಲೆಯ ಕಂಬವನ್ನಾದರೂ ಉಳಿಸಬಾರದಿತ್ತೇ? ಈಗ ಅತ್ತೆ ದಿನಾ ಅಂಟಕ್ಕಿ ಅನ್ನದ ಉಂಡೆ ಕೈಯಲ್ಲಿ ಹಿಡಿದು ನಿಲ್ಲುತ್ತಾರೆ. "ಎಲ್ಲಿಡ್ಲೇ ಇದನ್ನ? ಹಿರೀಕರೂ ಕಂಬದ ಜೊತೆ ಅವನ ಬಿಲಕ್ಕೇ ಹೋದ್ರೇನೇ?" ಎಂದು ಕೇಳುತ್ತಾರೆ.  

ವಿಷಯಕ್ಕೆ ಬರುತ್ತೇನೆ. ನಾನಿಲ್ಲಿ ನಿನ್ನ ಫ್ರೆಂಚರ ಮೇಲೆ ಯುದ್ಧಕ್ಕೆ ನಿಂತ ವಿಯೆತ್‌ಮಿನ್ ಪಡೆಗೆ ಭತ್ತ ಕುಟ್ಟುತ್ತಿದ್ದೇನೆ. ಪಕ್ಕದ ಎರಡು ಗುಡ್ಡಗಳು ಇವರ ಫಿರಂಗಿಗೆ ಸಿಕ್ಕಿ ಏನಾದವೆಂದು ನೀನೇ ನೋಡಿದ್ದೀಯ. ಮುಂದಿನದು ನಿನ್ನ ಗುಡ್ಡ. ಅಲ್ಲಿರುವ ನಮ್ಮ ಥಾಯ್ ಕುಲದ ಗಂಡಸರು ಬಂದೂಕು ಕೆಳಗಿಟ್ಟು ಇಳಿದು ಬಂದರೆ ಗುಂಡು ಹಾರಿಸುವುದಿಲ್ಲ, ಮನೆಗೆ ಕಳಿಸುತ್ತೇವೆ ಎಂದು ಇಲ್ಲಿನ ನಾಯಕ ಮಾತು ಕೊಟ್ಟಿದ್ದಾನೆ. ಹೆಂಡತಿಯರಿಂದ ಕಾಗದ ಬರೆಸುತ್ತಿರುವವನೂ ಅವನೇ. ನಾನು ಇಲ್ಲಿಯವರೆಗೆ ಬರೆದದ್ದನ್ನು ಅವನಿಗೆ ಓದಿ ಹೇಳಿದಾಗ ತಲೆ ಕೆರೆದುಕೊಂಡ. "ಅಕ್ಕಾ, ಒಂಚೂರು ಮೆತ್ತಗೆ ಬರೀರಿ. ಪ್ರೀತಿಯಿಂದ ಕರೀರಿ" ಅಂದ. "ಮೆತ್ತಗೆ ಬರೆದ್ರೆ ಬೇರೆ ಯಾರೋ ಬರ್ದಿದ್ದು ಅಂದ್ಕೊಂಡು ಗುಡ್ಡದಲ್ಲೇ ಕೂತ್ಬಿಡ್ತಾನೆ. ಬೈದ್ರೇನೇ ಅವ್ನು ನಂಬೋದು" ಅಂದೆ. ಸುತ್ತಲಿದ್ದ ಹೆಂಗಸರು ನಕ್ಕರು. ನನಗೆ ನಗು ಬರಲಿಲ್ಲ.

ನೀನು ಕಡಿದ ಮರ ಗಟ್ಟಿಯೇ ಇರಬಹುದು ಪಾನ್, ಫಿರಂಗಿಗೆ ಅದು ಬರೀ ಸೌದೆ. ಹಠ ಬೇಡ. ಬೆಳಗ್ಗೆ ಮಂಜು ಕವಿದಿರುವಾಗಲೇ ಉಳಿದವರನ್ನೂ ಕರೆದುಕೊಂಡು ಇಳಿದು ಬಾ. ಬಂದು ನನ್ನ ಮುಂದೆ ನಿಲ್ಲು. ಬೈಯುವುದು ಇನ್ನೂ ಬೇಕಾದಷ್ಟಿದೆ, ಕಾಗದದಲ್ಲಿ ಹಿಡಿಸುವುದಿಲ್ಲ.

ನಿನ್ನನ್ನು ಇನ್ನೂ ಕ್ಷಮಿಸದ,
ಇನ್

ತಾ.ಕ.: ಇದನ್ನು ನಾಯಕನಿಗೆ ಓದಿ ಹೇಳಿಲ್ಲ. ನಿನ್ನೆ ನಿನ್ನ ಗುಡ್ಡದ ಕಡೆಯಿಂದ ಹೊಗೆ ಎದ್ದಾಗ ಇಲ್ಲಿನ ಮುದುಕಿಯರು ಮದುವೆಯ ದಿನ ಕಟ್ಟಿದ ನನ್ನ ನೆತ್ತಿಯ ತುರುಬು ಬಿಚ್ಚಿಸಲು ಬಂದರು. "ಗಂಡ ಹೋದ್ಮೇಲೆ ಇದ್ಯಾಕೆ ತಾಯಿ, ಇಳಿಸ್ಬಿಡು" ಅಂದರು. ಒನಕೆ ಎತ್ತಿಕೊಂಡು ಅವರನ್ನು ಓಡಿಸಿದೆ. ಆಮೇಲೆ ಒಬ್ಬಳೇ ಕೂತು ತುರುಬನ್ನು ಮುಟ್ಟಿ ಮುಟ್ಟಿ ನೋಡಿಕೊಂಡೆ. ಬೇಗ ಬಾ.