ಫೋಟೋಕ್ಕೆ ನಿಂತ ಆಯಿ

ನವೆಂಬರ್ 9, ಭಾನುವಾರ

ನಾನು ಕೆಲಸಕ್ಕಿರುವ ಸ್ಟುಡಿಯೋದ ಫಾರೂಕಣ್ಣ ಇನ್ನೂ ನನ್ನ ಮೇಲೆ ಮುನಿಸಿಕೊಂಡಿದ್ದಾನೆ. ಇವತ್ತು ಮಾಸೂರಿನ ಮದಗದ ಕೆರೆಯ ಮೇಲೆ ಸಂಜೆ ಇಳಿಯುವುದನ್ನು ಅವನ ಸಿನಿಮಾ ಕ್ಯಾಮೆರಾದಲ್ಲಿ ಎಲ್ಲೂ ಕತ್ತರಿಸದೆ ಹಿಡಿಯಬೇಕಿತ್ತು. ಮೈಕ್ ಚಾಲೂ ಇತ್ತು, ನಾವು ಮಾತಾಡುವಂತಿರಲಿಲ್ಲ.

ನೀರು ಬಂಗಾರವಾಗುವ ಹೊತ್ತಿಗೆ ಹುಲ್ಲಿನ ಹೊರೆ ಹೊತ್ತ ಮುದುಕಿಯೊಬ್ಬಳು ದಂಡೆಗೆ ಬಂದಳು. ಕ್ಯಾಮೆರಾ ಕಂಡವಳೇ ಫೋಟೋ ತೆಗೆಯುತ್ತಿದ್ದಾರೆ ಅಂದುಕೊಂಡು, ಸೆರಗು ಸರಿಮಾಡಿ ನೆಟ್ಟಗೆ ನಿಂತುಬಿಟ್ಟಳು. ನೀರು ಅಲುಗುತ್ತಿತ್ತು, ಸೆರಗು ಅಲುಗುತ್ತಿತ್ತು, ಅವಳು ಮಾತ್ರ ಅಲುಗಲಿಲ್ಲ. ಶಾಲೆಯಲ್ಲಿ ಒಂದು ತಾಸು ಕೂರಲಾರದೆ ಬಿಟ್ಟುಬಂದ ನಾನು ರೆಪ್ಪೆ ಬಡಿಯುವುದನ್ನೂ ಮರೆತೆ.

ಆಮೇಲೆ ಅವಳ ಕುತ್ತಿಗೆ ನಡುಗಿತು.

"ಆತೇನೋ ತಮ್ಮಾ?"

ಫಾರೂಕಣ್ಣ ತುಟಿಯ ಮೇಲೆ ಬೆರಳಿಟ್ಟ. ನನ್ನಿಂದ ಸುಮ್ಮನಿರಲಾಗಲಿಲ್ಲ.

"ಫೋಟೋ ಅಲ್ರಿ ಆಯಿ, ವಿಡಿಯೋ. ನಿಲ್ಲಬ್ಯಾಡ್ರಿ."

"ಇಷ್ಟೊತ್ತನಕ ಬಾಯಾಗ ಕಡುಬು ಇಟ್ಕೊಂಡಿದ್ದೇನ? ಕುತ್ತಿಗಿ ಹೋತಲ್ಲೋ ನಂದು!" ನಗುತ್ತಲೇ ಬೈದು ಹೋದಳು.

"ಆಕಿ ಬಂದಿದ್ದು, ನೀ ಒದರಿದ್ದು ಎಲ್ಲಾ ತಗದು ಜೋಡಿಸ್ತೇನಿ. ಯಾರಿಗೂ ಗೊತ್ತಾಗೂದಿಲ್ಲ," ಎಂದ ಫಾರೂಕಣ್ಣ.

"ಹಂಗಾದ್ರ ಒಂದೇ ಶಾಟ್ ಅಂತ ಹೇಳಬ್ಯಾಡ," ಎಂದೆ. ಅದಕ್ಕೇ ಈ ಮುನಿಸು.

ಕತ್ತರಿಸುವುದು ಅವನ ಇಷ್ಟ. ಆದರೆ ಆಯಿ ನಮಗಾಗಿ ನಿಂತ ಅಷ್ಟು ಹೊತ್ತು ಎಲ್ಲಿಗೆ ಹೋಗುತ್ತದೆ? ನಿದ್ದೆಗೆ ಕಣ್ಣು ಎಳೆಯುತ್ತಿದೆ, ನಾಳೆ ಅವನನ್ನೇ ಕೇಳಬೇಕು, ಅವಳು ಇಲ್ಲದ ಆ ಸಂಜೆ ನಾವು ಕಂಡ ಸಂಜೆಯೇ ಹೌದಾ ಅಂತ…