ಹಾಫ್ ಟೈಮಿನಲ್ಲಿ ಎದುರಾಗುವವನು

ನವೆಂಬರ್ 7, ಶನಿವಾರ

ಸೋತೆವು. 0-3. ನೋಡಲು ಬಂದವರು ಅರವತ್ತನಾಲ್ಕು ಜನ, ಒಂದು ನಾಯಿ. ಎರಡನೇ ಗೋಲಿಗೆ ನಾಯಿಯೂ ಎದ್ದು ಹೋಯಿತು.

ತಿನ್ನಲು ಕೊಂಡ ಪೈ ಬಿಸಿಯಾಗಿತ್ತು. ಒಳಗೆ ಏನಿತ್ತೋ ದೇವರೇ ಬಲ್ಲ. ಅಪ್ಪನ ಹೆಗಲ ಮೇಲೆ ಕೂತು ಮೊದಲ ಸಲ ಬಂದವನು, ಐವತ್ತೆರಡು ವರ್ಷವಾಯಿತು. ನಮ್ಮ ಫುಟ್‌ಬಾಲ್ ತಂಡ ಹ್ಯಾಗ್‌ಡೇಲ್ ವಿಕ್ಟೋರಿಯಾ, ಊರವರ ಬಾಯಲ್ಲಿ ವಿಕ್, ಇನ್ನೂ ಅದೇ ಕೆಸರಿನಲ್ಲೇ ಇದೆ. ನಾನೂ.

ಹಾಫ್ ಟೈಮಿನಲ್ಲಿ ಕ್ಲೆಮ್ ಎದುರಾದ. ಎದುರಾಗದೆ ಎಲ್ಲಿಗೆ ಹೋಗುತ್ತಾನೆ? ಮೈದಾನದ ಆ ಪಕ್ಕ ಕಾಲುವೆಯ ಗೋಡೆ. ನಡೆಯಲು ಇರುವುದು ಈ ಪಕ್ಕವೊಂದೇ. ನಮ್ಮವರು ಗೋಲು ಹೊಡೆಯಬೇಕಾದ ತುದಿಯಲ್ಲಿ ನಾನು ನಿಲ್ಲುತ್ತೇನೆ. ಅವನು ಹಿಂದೆ ನಮ್ಮ ಗೋಲ್‌ಕೀಪರ್ ಆಗಿದ್ದವನು, ಹಾಗಾಗಿ ಈಗಿನ ಕೀಪರನ ಬೆನ್ನಿಗೇ ನಿಲ್ಲುತ್ತಾನೆ. ಹಾಫ್ ಟೈಮಿಗೆ ತಂಡಗಳು ಕಡೆ ಬದಲಿಸುತ್ತವೆ, ನಾವೂ ಬದಲಿಸುತ್ತೇವೆ. ಡಿಲಿಸಳ ಟೀ ಗೂಡಿನ ಮುಂದೆ ದಾರಿ ಇಕ್ಕಟ್ಟು. ನಾನು ಗೂಡಿಗೆ ಒತ್ತಿಕೊಳ್ಳುತ್ತೇನೆ, ಅವನು ಕಂಬಿಗೆ. ಇಪ್ಪತ್ತೆರಡು ವರ್ಷ ಹೀಗೇ. ಒಡಹುಟ್ಟಿದ ಅಣ್ಣ. ಒಂದು ಮಾತಿಲ್ಲ.

ಇವತ್ತು ಅವನ ಕೈಯಲ್ಲಿ ಕೋಲಿತ್ತು.


ನವೆಂಬರ್ 21, ಶನಿವಾರ

2-2! ಎಂಬತ್ತೆಂಟನೇ ನಿಮಿಷ. ಹೊಡೆದವನು ನಮ್ಮ ಬೀದಿಗೆ ಅಂಚೆ ಹಾಕುವ ಹುಡುಗ ಟೊಬಯಸ್. ಮೊಣಕಾಲಿಗೆ ತಾಗಿ ಒಳಗೆ ಹೋಯಿತು. ಆದರೇನು, ಗೋಲು ಗೋಲೇ. ಹೆಸರೇ ಗೊತ್ತಿಲ್ಲದ ಮುದುಕನೊಬ್ಬ ನನ್ನನ್ನು ತಬ್ಬಿಕೊಂಡ. ನಾನೂ ತಬ್ಬಿಕೊಂಡೆ. ವಾರವಿಡೀ ನನ್ನನ್ನು ಯಾರೂ ಮುಟ್ಟಿರಲಿಲ್ಲ ಎಂದು ಆಮೇಲೆ ಹೊಳೆಯಿತು.

ಹಾಫ್ ಟೈಮಿನಲ್ಲಿ ಕ್ಲೆಮ್ ಟೀ ಗೂಡಿನ ಹತ್ತಿರ ಕಂಬಿ ಹಿಡಿದು ನಿಂತುಬಿಟ್ಟಿದ್ದ. ಕೆಮ್ಮು. ನಾನು ಬಗ್ಗಿ ಬೂಟಿನ ಲೇಸು ಕಟ್ಟಿದೆ. ಕಟ್ಟಿಯೇ ಇದ್ದ ಲೇಸು.

ಡಿಲಿಸ್ ಕಿಟಕಿಯಿಂದ: "ಏನಯ್ಯ ವಿಲ್ಫ್, ಆ ಲೇಸನ್ನ ಇನ್ನೂ ಎಷ್ಟು ವರ್ಷ ಕಟ್ತೀಯ?"

"ನಿನ್ನ ಟೀ ನೋಡ್ಕೋ. ತಣ್ಣಗಾಗ್ತಿದೆ."

"ನನ್ನ ಟೀ ಯಾವತ್ತು ಬಿಸಿ ಇತ್ತು ಹೇಳು!"


ಡಿಸೆಂಬರ್ 5, ಶನಿವಾರ

ಕ್ಲೆಮ್ ಇಲ್ಲ. ದಾರಿಯಿಡೀ ನನ್ನದೇ. 0-2.

ಡಿಲಿಸಳನ್ನು ನಾನು ಏನೂ ಕೇಳಲಿಲ್ಲ. ಅವಳೇ ಹೇಳಿದಳು. "ಆಸ್ಪತ್ರೆಗೆ ಸೇರಿಸಿದಾರೆ. ಶ್ವಾಸಕೋಶ. ಮನೆಗೆ ಕಳಿಸೋ ಮಾತೇ ಆಡ್ತಿಲ್ವಂತೆ. ಕೇಳಿಸ್ತಾ ನಿಂಗೆ?"

"ಕೇಳಿಸ್ತು."

"ಹುಟ್ಟುತ್ತಾ ಅಣ್ಣತಮ್ಮ, ಬೆಳೀತಾ ದಾಯಾದಿ ಅಂತಾರೆ. ಸಾಯೋವಾಗಾದ್ರೂ ಅಣ್ಣತಮ್ಮ ಆಗ್ಬಾರ್ದೇನ್ರೋ?"

ಪೈ ತಿನ್ನಲಾಗಲಿಲ್ಲ.


ಡಿಸೆಂಬರ್ 8, ಮಂಗಳವಾರ. ಮಧ್ಯಾಹ್ನ

ದ್ರಾಕ್ಷಿ ಕೊಂಡೆ. ಆಸ್ಪತ್ರೆಗೆ ಹೋಗುವ ಹದಿನೇಳನೇ ನಂಬರ್ ಬಸ್ಸಿಗೆ ಕಾದೆ. ಬಂತು. ಹತ್ತಲಿಲ್ಲ. ಮನೆಗೆ ಬಂದು ದ್ರಾಕ್ಷಿ ನಾನೇ ತಿಂದೆ.

ಹೋಗಿ ಏನು ಮಾತಾಡುವುದು? ಇಪ್ಪತ್ತೆರಡು ವರ್ಷದ ಹಿಂದೆ ಅಮ್ಮನಿಗೆ ಮಣ್ಣು ಕೊಟ್ಟದ್ದೂ ಒಂದು ಮಂಗಳವಾರ. ಅದೇ ಸಂಜೆ ಕಪ್ ಪಂದ್ಯ. ನೆಂಟರೆಲ್ಲ ಇನ್ನೂ ಚಹಾ ಕುಡಿಯುತ್ತಿರುವಾಗಲೇ ಕ್ಲೆಮ್ ಚೀಲ ಎತ್ತಿಕೊಂಡು ಹೊರಟ. ನಾಲ್ಕು ಗೋಲು ಬಿಟ್ಟ. ಮರುದಿನ ಕ್ಲಬ್ಬಿನ ಬಾರಿನಲ್ಲಿ, ಎಲ್ಲರೆದುರು ನಾನು ಹೇಳಿದ್ದು: "ಅಮ್ಮನಿಗೆ ಮಣ್ಣು ಹಾಕಿದ ಕೈಗೇ ಗ್ಲೌಸ್ ಹಾಕ್ಕೊಂಡ್ಯಲ್ಲೋ. ನೀನೂ ಒಬ್ಬ ಮಗನಾ?" ಅವನು ಗ್ಲಾಸು ಕೆಳಗಿಟ್ಟು ಹೊರಗೆ ಹೋದ. ಅವತ್ತಿನಿಂದ ಮುಗಿಯಿತು.

ಇಲ್ಲಿಯಾದರೂ ಬರೆಯುತ್ತೇನೆ, ಯಾರು ಓದುತ್ತಾರೆ… ಆ ಸಂಜೆ ನಾನೂ ಹೋಗಿದ್ದೆ. ತಲೆನೋವು, ಸ್ವಲ್ಪ ಗಾಳಿಗೆ ಹೋಗಿ ಬರುತ್ತೇನೆ ಎಂದು ಹೇಳಿ ಎದ್ದವನು ಕಾಲುವೆ ಗೋಡೆಯ ಆಚೆ ಕಲ್ಲಿನ ಮೇಲೆ ಹತ್ತಿ ನಿಂತು ಪೂರ್ತಿ ತೊಂಬತ್ತು ನಿಮಿಷ ನೋಡಿದೆ. ನಾಲ್ಕನೆಯದು ಅವನ ತಪ್ಪಲ್ಲ. ಚೆಂಡು ತಿರುಗಿತು. ಅದನ್ನು ಅವನಿಗೆ ಹೇಳಬೇಕಿತ್ತು. ಹೇಳಿದರೆ ನಾನು ಅಲ್ಲಿದ್ದೆ ಎಂದಾಗುತ್ತಿತ್ತು.


ಡಿಸೆಂಬರ್ 10, ಗುರುವಾರ

ಹೊಳೆಯಿತು. ಬರಿಗೈಯಲ್ಲಿ ಹೋಗುವುದಿಲ್ಲ. ಒಂದು ಗೆಲುವು ತೆಗೆದುಕೊಂಡು ಹೋಗುತ್ತೇನೆ. "ಕ್ಲೆಮ್, ಗೆದ್ದೆವು" ಎಂದರೆ ಸಾಕು. ಯಾರು ಹೊಡೆದರು ಎಂದು ಅವನು ಕೇಳುತ್ತಾನೆ, ನಾನು ಹೇಳುತ್ತೇನೆ. ಅಲ್ಲಿಂದ ಮಾತು ತಾನೇ ಹೋಗುತ್ತದೆ. ಒಂದೇ ಒಂದು ಗೆಲುವು.


ಡಿಸೆಂಬರ್ 12, ಶನಿವಾರ

ಹೊರ ಊರಿನಲ್ಲಿ ಪಂದ್ಯ. 0-5.


ಡಿಸೆಂಬರ್ 19, ಶನಿವಾರ

ಮೈದಾನ ಹೆಪ್ಪುಗಟ್ಟಿದೆ. ಬೆಳಿಗ್ಗೆ ಎಂಟಕ್ಕೇ ಹೋಗಿ ಹೆಪ್ಪು ಬಿಡಲೆಂದು ಒಣಹುಲ್ಲು ಹರಡಿದೆವು. ಒಂಬತ್ತು ಜನ. ಹನ್ನೊಂದಕ್ಕೆ ರೆಫರಿ ಬಂದು ಹಿಮ್ಮಡಿಯಿಂದ ಒಮ್ಮೆ ಕುಟ್ಟಿದ. ಟಣ್ ಎಂದಿತು. ತಲೆಯಾಡಿಸಿದ.

"ಸ್ವಾಮಿ, ಇನ್ನೊಂದು ಸಲ ನೋಡಿ," ಅಂದೆ. "ಆ ಮೂಲೆ ಮೆತ್ತಗಿದೆ."

"ಮೂಲೆಯಲ್ಲಿ ಆಡಿಸ್ಲಾ ನಿಮ್ಮನ್ನ?"


ಡಿಸೆಂಬರ್ 26

ಹೆಪ್ಪು. ಪಂದ್ಯವಿಲ್ಲ.


ಜನವರಿ 9, ಶನಿವಾರ

ಮತ್ತೆ ಇಲ್ಲ. ಹಿಮ ಮೊಣಕಾಲಿನವರೆಗೆ. ಸಲಿಕೆ ಹಿಡಿದು ಗೋಲಿನ ಮುಂದೆ ಗೋರುತ್ತಿದ್ದಾಗ ಲಿನೆಟ್ ಬಂದಳು, ಕ್ಲೆಮ್‌ನ ಮಗಳು. ಕೊನೆಯ ಸಲ ಹತ್ತಿರದಿಂದ ನೋಡಿದಾಗ ಅವಳಿಗೆ ಹಲ್ಲು ಬೀಳುತ್ತಿತ್ತು.

"ಚಿಕ್ಕಪ್ಪ, ಪಂದ್ಯ ಇಲ್ಲ ಅಂತ ಆಗ್ಲೇ ಹೇಳಿದಾರಲ್ಲ. ಯಾಕೆ ಗೋರ್ತಾ ಇದೀಯ?"

"ಮುಂದಿನ ವಾರಕ್ಕೆ."

"ಅಪ್ಪ ಪ್ರತಿ ಶನಿವಾರ ಐದು ಗಂಟೆಗೆ ಕೇಳ್ತಾರೆ, ವಿಕ್ ಏನಾಯ್ತು ಅಂತ. ನೀನೇ ಬಂದು ಹೇಳ್ಬಾರ್ದಾ?"

"ಗೆದ್ದ ದಿನ ಬರ್ತೀನಿ. ಹಾಗಂತ ಹೇಳು."

ನಕ್ಕಳು. ನಗುತ್ತಲೇ ಕಣ್ಣು ಒರೆಸಿಕೊಂಡಳು. "ವಿಕ್ ಗೆಲ್ಲೋದನ್ನ ಕಾಯ್ತಾ ಕೂತವರು ಯಾರಾದ್ರೂ ಉದ್ಧಾರ ಆಗಿದಾರಾ ಚಿಕ್ಕಪ್ಪ?"


ಜನವರಿ 11, ಸೋಮವಾರ

ಲಿನೆಟ್ ಫೋನ್ ಮಾಡಿದಳು. ಹೇಳಿದಳಂತೆ. ಕ್ಲೆಮ್ ಅಂದದ್ದು: "ಬೇಗ ಗೆಲ್ಸು ಅಂತ ಹೇಳು ಆ ಕತ್ತೆಗೆ."

ಕತ್ತೆ! ಇಪ್ಪತ್ತೆರಡು ವರ್ಷದ ಮೇಲೆ ಮೊದಲ ಮಾತು. ಅಡುಗೆಮನೆಯಲ್ಲಿ ಒಬ್ಬನೇ ಎಷ್ಟೋ ಹೊತ್ತು ನಕ್ಕೆ. ನಾಳೆಯೇ ಹೋಗಿಬಿಡಲೇ… ಬೇಡ. ಕಾಯುತ್ತಿದ್ದಾನೆ. ಶನಿವಾರ ಆಗಲಿ.


ಜನವರಿ 16

ಕೆಸರು. ಪಂದ್ಯವಿಲ್ಲ.


ಜನವರಿ 23, ಶನಿವಾರ

ಕೊನೆಗೂ ಆಟ. ಎಂಬತ್ತೊಂಬತ್ತನೇ ನಿಮಿಷದವರೆಗೆ 1-0, ನಮ್ಮದೇ. ನಾನು ಕೋಟಿನ ಗುಂಡಿ ಹಾಕಿಕೊಂಡಿದ್ದೆ. ಜೇಬಿನಲ್ಲಿ ಬಸ್ಸಿನ ಚಿಲ್ಲರೆ ಎಣಿಸಿ ಇಟ್ಟಿದ್ದೆ. ಟೊಬಯಸ್ ಹಿಂದಕ್ಕೆ ಕೊಟ್ಟ ಚೆಂಡು ಕೀಪರನ ಕಾಲ ಸಂದಿಯಿಂದ ನುಸುಳಿ ನಮ್ಮ ಗೋಲಿಗೇ ಹೋಯಿತು.

1-1. ಡ್ರಾ ಗೆಲುವಲ್ಲ.

ಡಿಲಿಸ್ ಗೂಡಿನಿಂದ ಹೊರಗೆ ಬಂದು ನನ್ನ ತೋಳು ಹಿಡಿದಳು. "ಹೋಗೋ. ಗೆದ್ವಿ ಅಂತ ಸುಳ್ಳು ಹೇಳು. ಯಾರು ತಪ್ಪು ಹಿಡೀತಾರೆ?"

"ಅವನಿಗೆ ಗೊತ್ತಾಗುತ್ತೆ. ಪಕ್ಕದಲ್ಲಿ ರೇಡಿಯೋ ಇರುತ್ತೆ."

"ರೇಡಿಯೋದವರು ನಮ್ಮ ಹೆಸರು ಯಾವತ್ತು ಹೇಳಿದಾರೆ, ಮೂರ್ಖ!"

ಅವಳು ಹೇಳಿದ್ದು ನಿಜ. ಆದರೂ ಹೋಗಲಿಲ್ಲ.


ಫೆಬ್ರವರಿ 3, ಬುಧವಾರ

ಬೆಳಿಗ್ಗೆ ಆರಕ್ಕೆ ಹೋದನಂತೆ.

ಲಿನೆಟ್ ಫೋನಿನಲ್ಲಿ ಅಳಲಿಲ್ಲ. ಹೇಳಬೇಕಾದದ್ದನ್ನೆಲ್ಲ ಹೇಳಿದಳು. ಆಮೇಲೆ: "ಚಿಕ್ಕಪ್ಪ, ಇನ್ನೊಂದು. ಅಜ್ಜೀನ ಮಣ್ಣು ಮಾಡಿದ ದಿನ ನೀನೂ ಪಂದ್ಯಕ್ಕೆ ಬಂದಿದ್ಯಂತೆ. ಕಾಲುವೆ ಗೋಡೆ ಮೇಲೆ ನಿನ್ನ ಟೋಪಿ ಕಾಣ್ತಿತ್ತಂತೆ ಅಪ್ಪಂಗೆ. ನಾಲ್ಕನೇ ಗೋಲು ಬಿದ್ದಿದ್ದೇ ಅದಕ್ಕೆ ಅಂತ ನಗ್ತಿದ್ರು, ನಿನ್ನ ಟೋಪಿ ನೋಡ್ತಾ ನಿಂತಿದ್ರಂತೆ."

ಅವನಿಗೆ ಗೊತ್ತಿತ್ತು. ಬಾರಿನಲ್ಲಿ ಗ್ಲಾಸು ಕೆಳಗಿಟ್ಟಾಗಲೂ ಗೊತ್ತಿತ್ತು. ಎಲ್ಲರೆದುರು ಒಂದು ಮಾತು ಹೇಳಿದ್ದರೆ ನನ್ನ ಮಾನ ಹೋಗುತ್ತಿತ್ತು. ಹೇಳಲಿಲ್ಲ. ಇಪ್ಪತ್ತೆರಡು ವರ್ಷ ಕಂಬಿಗೆ ಒತ್ತಿಕೊಂಡು ನನಗೆ ದಾರಿ ಬಿಟ್ಟ.

ನನ್ನಂಥ ನೀಚ ಇನ್ನೊಬ್ಬನಿಲ್ಲ.


ಫೆಬ್ರವರಿ 6, ಶನಿವಾರ

ಕೀಪರ್ ತೋಳಿಗೆ ಕಪ್ಪು ಪಟ್ಟಿ ಕಟ್ಟಿದ್ದ. ಒಂದು ನಿಮಿಷದ ಮೌನ. ಎಪ್ಪತ್ತೊಂದು ಜನ.

ಇವತ್ತು ಕ್ಲೆಮ್‌ನ ಜಾಗದಲ್ಲಿ ನಿಂತೆ, ಕೀಪರನ ಬೆನ್ನಿಗೆ. ಇಲ್ಲಿಂದ ಆಟವೇ ಬೇರೆ. ಬರುವುದೆಲ್ಲ ನಮ್ಮ ಮೇಲೆಯೇ ಬರುತ್ತದೆ. ಕಾಲುವೆ ಗೋಡೆ ಸ್ಪಷ್ಟವಾಗಿ ಕಾಣುತ್ತದೆ.

ಹಾಫ್ ಟೈಮಿಗೆ ಅವನ ಹಾಗೇ ಹೊರಟೆ. ಟೀ ಗೂಡಿನ ಮುಂದೆ ಕಂಬಿಗೆ ಒತ್ತಿಕೊಂಡು ನಿಂತೆ. ಎದುರಿನಿಂದ ಬರಬೇಕಾದವನು ನಾನು. ಬರಲೇ ಇಲ್ಲ. ಡಿಲಿಸ್ ಒಂದು ಲೋಟ ಟೀ ತಂದು ಕೈಗಿಟ್ಟಳು. ಬಿಸಿಯಾಗಿತ್ತು.

ಟೊಬಯಸ್, ಎಪ್ಪತ್ತಾರನೇ ನಿಮಿಷ. ಮೂಲೆಯಿಂದ ಬಂದ ಚೆಂಡು, ತಲೆಯಿಂದ. ಕೊನೆಯಲ್ಲಿ ನಮ್ಮ ಮೇಲೆ ಪೆನಾಲ್ಟಿ ಬಿತ್ತು, ಕೀಪರ್ ಎಡಕ್ಕೆ ಹಾರಿ ತಡೆದ. ನನ್ನ ಮೂಗಿನ ಮುಂದೆಯೇ.

1-0. ಗೆದ್ದೆವು.

ಕಾಲುಗಳು ತಾವೇ ನಡೆದವು. ಬಸ್ ನಿಲ್ದಾಣ. ಹದಿನೇಳನೇ ನಂಬರ್ ಬಂತು, ಈ ಸಲ ಹತ್ತಿದೆ. ಆಸ್ಪತ್ರೆಗೆ ಒಂದು ಟಿಕೆಟ್ ಎಂದೆ. ಡ್ರೈವರ್ ನನ್ನ ಕೊರಳಿನ ತಂಡದ ಸ್ಕಾರ್ಫು ನೋಡಿ, "ಏನಾಯ್ತು ವಿಕ್?" ಎಂದು ಕೇಳಿದ. ಗೆದ್ದೆವು ಎಂದು ಹೇಳಲು ಬಾಯಿ ತೆರೆದೆ, ಆಗ ನೆನಪಾಯಿತು: ಐದು ಗಂಟೆಗೆ ಅದನ್ನು ಕೇಳುವವನು ಆಸ್ಪತ್ರೆಯಲ್ಲಿ ಈಗ ಇಲ್ಲ.